ಅಪ್ಪ ಸಹಿ ಹಾಕದ ಟ್ರಸ್ಟ್ ಪತ್ರ

ಮಾರ್ಚ್ ೧೧, ಮಂಗಳವಾರ. ಹ್ಯಾಲಿಫ್ಯಾಕ್ಸ್.

ಅಪ್ಪ ಸಹಿ ಹಾಕಲಿಲ್ಲ. ಮನೆಯನ್ನು ಟ್ರಸ್ಟಿಗೆ ಬರೆದಿಟ್ಟರೆ ಮುಂದೆ ಅವರ ಆರೈಕೆಯ ಖರ್ಚಿಗೆ ಅದನ್ನು ಮಾರಬೇಕಾಗುವುದಿಲ್ಲವೆಂದು ನಂಬಿ ವಕೀಲೆಯ ಬಳಿಗೆ ಕರೆದೊಯ್ದವಳು ನಾನೇ. ಖರ್ಚು ತಪ್ಪಿಸಲೆಂದೇ ಮಾಡಿದ್ದೆಂದು ಆರೈಕೆಯ ಖರ್ಚು ಯಾರು ಕೊಡಬೇಕೆಂದು ತೀರ್ಮಾನಿಸುವ ನಗರದ ಕೌನ್ಸಿಲ್‌ನವರು ತಕರಾರು ತೆಗೆಯಬಹುದು ಎಂದಳು ಆಕೆ. ಆಮೇಲೆ ನನ್ನನ್ನು ಹೊರಗೆ ಕೂರಿಸಿ ಅಪ್ಪನೊಬ್ಬರನ್ನೇ ಮಾತಾಡಿಸಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ: "ಯಾಕಪ್ಪಾ ಬೇಡ ಅಂದ್ರಿ? ಅಮ್ಮ ಬಾಳಿದ ಮನೆ ಅಲ್ವಾ?"

"ನಂಗೆ ಸ್ನಾನ ಮಾಡಿಸ್ತಾ ನಿಂತಲ್ಲೇ ತೂಕಡಿಸ್ತೀಯ, ಗ್ವೆಂಡಾ. ಮನೆ ಮಾರಿ ನನ್ನನ್ನ ಕೇರ್ ಹೋಮ್‌ಗೆ ಸೇರಿಸು. ನೀನು ಸ್ವಲ್ಪ ಮಲಕ್ಕೋ, ಮಗಳೇ."

ಕೇಳಿದೊಡನೆ ನನ್ನ ಎದೆ ಹಗುರಾಯಿತು. ಅದಕ್ಕೇ ನಾಚಿಕೆಯಾಗಿ ಅವರ ಮುಖ ನೋಡಲಾಗಲಿಲ್ಲ. ಬೇಡಪ್ಪಾ, ನಾನಿದ್ದೀನಿ ಎಂದು ಒಂದು ಮಾತು ಅನ್ನಬಹುದಿತ್ತು. ಇಳಿಯುವ ಸ್ಟಾಪ್ ಬರುವವರೆಗೂ ಅವರು ಕಾದರು. ನಾನು ಅನ್ನಲೇ ಇಲ್ಲ.