ಚರ್ಚ್ ಮಾಡಿಸಿಕೊಳ್ಳದ ಬಾಣಂತಿ

ಓಲ್ಡಮ್
18 ಅಕ್ಟೋಬರ್ 1956, ಗುರುವಾರ

ಪ್ರೀತಿಯ ಅಮ್ಮನಿಗೆ,

ನಿನ್ನ ಮೇಲೆ ನನಗೆ ವಿಪರೀತ ಸಿಟ್ಟು ಬಂದಿದೆ. ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ನಿನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮಗು ಸತ್ತು ಹುಟ್ಟಿ ಇನ್ನೂ ಮೂರು ವಾರವಾಗಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ಮನೆಯಿಂದ ಹೊರಬಿದ್ದು, ಬಸ್ಸು ಬದಲಿಸಿಕೊಂಡು, ಭಾನುವಾರ ನಿನ್ನ ಬಾಗಿಲಿಗೆ ಬಂದೆ. ನೀನು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಅಡ್ಡ ನಿಂತು ಕೇಳಿದ್ದು ಒಂದೇ ಮಾತು: "ಚರ್ಚ್ ಮಾಡಿಸ್ಕೊಂಡ್ಯೇನೇ?"

ಇಲ್ಲ ಎಂದೆ.

"ಹಂಗಾದ್ರೆ ಒಳಗೆ ಬರ್ಬೇಡ ಕಣೇ. ನಿನ್ ತಂಗಿ ಡೋರೀನ್ ಬಸುರಿ, ಒಳಗಿದಾಳೆ. ಪಾದ್ರಿ ಹತ್ರ ಹೋಗಿ ಮಂಡಿಯೂರಿ ಬಾ. ಆಮೇಲೆ ಎಷ್ಟು ದಿನ ಬೇಕಾದ್ರೂ ಇರು."

ಹಾಗೆಂದು ನನಗೆ ಮೆಟ್ಟಿಲ ಮೇಲೇ ಚಹಾ ತಂದುಕೊಟ್ಟೆ. ಕಲ್ಲಿದ್ದಲು ಹಾಕಲು ಬರುವವನಿಗೆ ಕೊಡುವ, ಹಿಡಿ ಮುರಿದ ಕಪ್ಪಿನಲ್ಲಿ. ಒಳಗಿನಿಂದ ಮಾಂಸ ಹುರಿಯುವ ವಾಸನೆ ಬರುತ್ತಿತ್ತು. ಅಪ್ಪ ಪೇಪರಿನ ಹಿಂದಿನಿಂದ ತಲೆಯನ್ನೇ ಎತ್ತಲಿಲ್ಲ. ಎದುರುಮನೆಯ ಮಿಸೆಸ್ ಕ್ಲೆಗ್ ಮಾತ್ರ ಎತ್ತಿದಳು: "ಏನಮ್ಮಾ ಈನಿಡ್, ಬಿ.ಎ. ಮಾಡಿದ್ರೂ ಅಮ್ಮನ್ ಮನೆ ಹೊಸ್ತಿಲು ದಾಟೋಕಾಗ್ಲಿಲ್ವಾ?" ನೀನು ನಗಲಿಲ್ಲ, ಸರಿ, ಆದರೆ ಗದರಲೂ ಇಲ್ಲ.

ಮಾರನೆಯ ದಿನ ಊರಿನ ಲೈಬ್ರರಿಗೆ ಹೋಗಿ ಆ ಪದವನ್ನು ಹುಡುಕಿದೆ. ನನ್ನನ್ನು ಹೊರಗೆ ನಿಲ್ಲಿಸಿದ ಮಾತು ಎಂಥದೆಂದು ತಿಳಿಯಬೇಡವೇ? ಚರ್ಚ್ ಎಂಬ ಹೆಸರು ಗ್ರೀಕರ ಮಾತಿನಿಂದ ಬಂದದ್ದು. 'ಒಡೆಯನಿಗೆ ಸೇರಿದ್ದು' ಎಂದು ಅರ್ಥ. ಐನೂರು ವರ್ಷಗಳಿಗೂ ಹಿಂದೆಯೇ ನಮ್ಮ ಇಂಗ್ಲಿಷರು ಆ ಕಟ್ಟಡದ ಹೆಸರನ್ನು ಕ್ರಿಯಾಪದ ಮಾಡಿಕೊಂಡು ಹೆತ್ತ ಹೆಂಗಸಿನ ಮೇಲೆ ಹೇರಿದರು: ಅವಳನ್ನು ಚರ್ಚ್ ಮಾಡುವುದು, ಅಂದರೆ ಮತ್ತೆ ಒಳಗೆ ಸೇರಿಸಿಕೊಳ್ಳುವುದು. ಆಚರಣೆಯ ಬೇರು ಇನ್ನೂ ಹಿಂದೆ, ಬೈಬಲಿನ ಮೋಶೆಯ ಕಟ್ಟಳೆಯಲ್ಲಿದೆ. ಹೆತ್ತವಳಿಗೆ ಮೈಲಿಗೆ, ಹೆಣ್ಣು ಹೆತ್ತರೆ ಗಂಡು ಹೆತ್ತದ್ದರ ಎರಡರಷ್ಟು ಕಾಲ. ನನ್ನದು ಹೆಣ್ಣು, ಅಮ್ಮ.

ಪ್ರಾರ್ಥನೆಯ ಪುಸ್ತಕದಲ್ಲಿ ಮೊದಲು ಇದನ್ನು 'ಶುದ್ಧೀಕರಣ' ಎಂದೇ ಕರೆದಿದ್ದರು. ಆಮೇಲೆ ಯಾರಿಗೋ ನಾಚಿಕೆಯಾಗಿರಬೇಕು, ಅದನ್ನು ಹೊಡೆದುಹಾಕಿ 'ಕೃತಜ್ಞತೆ' ಎಂದು ಬರೆದರು. ಅದಾಗಿ ನಾಲ್ಕು ಶತಮಾನವಾಯಿತು. ಪುಸ್ತಕದಲ್ಲಿ ನಾನು ಮೈಲಿಗೆಯಲ್ಲ, ನಿನ್ನ ಬೀದಿಯಲ್ಲಿ ಮಾತ್ರ.

ಅಷ್ಟಾದರೂ ನಿನಗೋಸ್ಕರ ನಿನ್ನೆ ನಮ್ಮ ಪಾದ್ರಿಯ ಹತ್ತಿರ ಹೋದೆ. ಒಳ್ಳೆಯ ಮನುಷ್ಯ. "ಮೈಲಿಗೆ ಗಿಲಿಗೆ ಏನಿಲ್ಲಮ್ಮ. ಸುಮ್ನೆ ದೇವರಿಗೊಂದು ಥ್ಯಾಂಕ್ಸ್ ಹೇಳೋದು, ಹತ್ತು ನಿಮಿಷದ ಕೆಲ್ಸ" ಎಂದರು.

ಯಾತಕ್ಕೆ ಥ್ಯಾಂಕ್ಸ್ ಎಂದು ಕೇಳಿದೆ.

"ನೀನು ಉಳಿದ್ಯಲ್ಲಮ್ಮ" ಎಂದರು.

ಹೌದು, ಉಳಿದಿದ್ದೇನೆ. ಎದೆಹಾಲು ಇನ್ನೂ ನಿಂತಿಲ್ಲ, ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಇದಕ್ಕೆ ಮಂಡಿಯೂರಿ ಕೃತಜ್ಞತೆ ಹೇಳಿದರೆ ನಿನ್ನ ಮನೆ ಶುದ್ಧವಾಗುತ್ತದೆ, ಡೋರೀನಳ ಮಗು ಉಳಿಯುತ್ತದೆ! ನನ್ನ ಮಗುವನ್ನು ನಾನು ಸೋಂಕಿನಂತೆ ಹೊತ್ತು ತಂದೆನೇ? ಡೋರೀನಳ ಮಗು ಚೆನ್ನಾಗಿರಲಿ ಎಂದು ನನಗಿಂತ ಹೆಚ್ಚಾಗಿ ಯಾರು ಬೇಡಿಕೊಳ್ಳುತ್ತಾರೆ?

ನಾನು ಚರ್ಚ್ ಮಾಡಿಸಿಕೊಳ್ಳುವುದಿಲ್ಲ. ವಿಲ್ಫ್ರೆಡ್ "ಹೋಗ್ಬಿಟ್ಟು ಬಾ, ಅತ್ತೆ ಜೊತೆ ಯಾಕೆ ಜಗಳ" ಎನ್ನುತ್ತಾನೆ. ಅವನಿಗೇನು, ಮಗು ಹುಟ್ಟಿದ ಸಂಜೆಯೇ ಅವನು ನಿನ್ನ ಅಡುಗೆಮನೆಯಲ್ಲಿ ಕೂತು ಊಟ ಮಾಡಿ ಬಂದ. ಅವನಿಂದ ಯಾರಿಗೂ ಕೇಡು ತಗುಲಲಿಲ್ಲ.

ನನ್ನನ್ನು ನೋಡಬೇಕೆನ್ನಿಸಿದರೆ ನೀನೇ ಬಾ. ನಮ್ಮ ಬಾಗಿಲಲ್ಲಿ ನಿನ್ನನ್ನು ಯಾರೂ ಏನೂ ಕೇಳುವುದಿಲ್ಲ.

ನಿನ್ನ ಮಗಳು,
ಈನಿಡ್

ತಾ.ಕ.: ಆಸ್ಪತ್ರೆಗೆ ಬಂದಿದ್ದಾಗ ಹೆಟ್ಟಿ ಚಿಕ್ಕಮ್ಮ ಬಾಯಿತಪ್ಪಿ ಹೇಳಿಬಿಟ್ಟಳು: "ನಿಮ್ಮಮ್ಮನೂ ನಿನಗಿಂತ ಮೊದ್ಲು ಒಂದನ್ನ ಹಿಂಗೇ ಕಳ್ಕೊಂಡಿದ್ಲು ಕಣೇ. ಗಂಡು. ನಾನಂದೆ ಅಂತ ಹೇಳ್ಬೇಡ." ಭಾನುವಾರ ನಾನು ಬಂದದ್ದು ಅದನ್ನು ಕೇಳಲಿಕ್ಕೆ. ನನ್ನ ಮಗುವನ್ನು ಬಟ್ಟೆಯಲ್ಲಿ ಸುತ್ತಿ ಒಯ್ದುಬಿಟ್ಟರು, ಮುಖ ತೋರಿಸಲಿಲ್ಲ. ನಿನಗೆ ನಿನ್ನ ಮಗುವನ್ನು ತೋರಿಸಿದ್ದರೇ, ಅಮ್ಮಾ?