ಅಮ್ಮ ಆರಿಸಿ ತಂದ ಶ್ಯಾಮ್ರಾಕ್

ಬ್ಯಾಲಿನಾಮೋನಾ, ರಾಸ್‌ಕಾಮನ್ ಜಿಲ್ಲೆ
೧೯೮೮ರ ಮಾರ್ಚ್ ೧೮, ಶುಕ್ರವಾರ

ಪ್ರೀತಿಯ ತಮ್ಮಾ ಕೋಲ್ಮನ್,

ಹೇಗಿದ್ದೀಯ? ಬಸ್ಸು ಓಡಿಸಿ ಓಡಿಸಿ ಭುಜ ಹಿಡಿದುಕೊಂಡಿದೆ ಎಂದಿದ್ದೆಯಲ್ಲ, ಈಗ ವಾಸಿಯೆ? ಅಮ್ಮ ಹೆಣೆದುಕೊಟ್ಟ ಸ್ವೆಟರನ್ನು ಕವೆಂಟ್ರಿಯ ಚಳಿಗೆ ಹಾಕಿಕೊಳ್ಳುತ್ತೀಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ, ಅದನ್ನು ಅವಳೇ ಕೇಳುತ್ತಾಳೆ. ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂತು ಕೂತು ದಪ್ಪಗಾಗುತ್ತಿದ್ದೇನೆ ಎಂಬುದನ್ನು ಬಿಟ್ಟರೆ ನನ್ನ ಕಡೆ ಹೊಸದೇನಿಲ್ಲ. ಈ ವರ್ಷ ಹಬ್ಬಕ್ಕೆ ಮುಂಚೆ ಶ್ಯಾಮ್ರಾಕ್ ಬರಲಿಲ್ಲವೆಂದು ನೀನು ದಾರಿ ಕಾದಿರಬೇಕು. ಒಳ್ಳೆಯದು ಇನ್ನೂ ಚಿಗುರಿಲ್ಲ, ಆಮೇಲೆ ಕಳಿಸಿದರಾಯಿತು ಎಂದು ಅಮ್ಮನೇ ತಡಮಾಡಿದಳು. ಈಗ ಈ ಲಕೋಟೆಯಲ್ಲೇ ಒಂದು ಎಸಳು ಇಟ್ಟಿದ್ದೇವೆ.

ಸಂತ ಪ್ಯಾಟ್ರಿಕ್‌ನ ಹಬ್ಬವೆಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ, ನಿನಗೆ ಗೊತ್ತು. ನನ್ನ ಪಾಲಿಗೆ ಅದು ಮಾರ್ಚ್ ತಿಂಗಳಿಡೀ ಕೌಂಟರಿಗೆ ಬರುವ ಪುಟ್ಟ ಪುಟ್ಟ ಡಬ್ಬಿಗಳ ಹಬ್ಬ. ಒಳಗೆ ಒದ್ದೆ ಪಾಚಿ, ಪಾಚಿಯ ನಡುವೆ ಹಬ್ಬದ ದಿನ ಕೋಟಿಗೆ ಸಿಕ್ಕಿಸಿಕೊಳ್ಳುವ ಆ ಮೂರೆಲೆಯ ಶ್ಯಾಮ್ರಾಕ್ ಗಿಡ, ಮೇಲೆ ಬಾಸ್ಟನ್ನೋ ಬರ್ಮಿಂಗ್‌ಹ್ಯಾಮೋ ಯಾವುದೋ ಒಂದು ವಿಳಾಸ. ಹಬ್ಬದಲ್ಲಿ ಏನಿದೆ ಮಣ್ಣು ಎನ್ನುವವರೇ ಡಬ್ಬಿ ಒಂದು ದಿನ ತಡವಾದರೆ ಆಕಾಶ ಭೂಮಿ ಒಂದು ಮಾಡುತ್ತಾರೆ. ಟೀವಿಯಲ್ಲಿ ಅಮೆರಿಕದವರು ಹಸಿರು ಟೊಪ್ಪಿ ಹಾಕಿಕೊಂಡು ಕುಣಿಯುವುದನ್ನು, ನದಿಗೆ ಹಸಿರು ಬಣ್ಣ ಸುರಿಯುವುದನ್ನು ತೋರಿಸಿದರು. ಆ ನೀರು ಕುಡಿದ ದನದ ಗತಿಯೇನು ಎಂದು ಪಕ್ಕದ ಮನೆಯ ಡೆಸ್ಸಿ ನಿಜವಾಗಿಯೂ ಚಿಂತೆಗೆ ಬಿದ್ದ. ನಮಗೆ ಅದನ್ನೆಲ್ಲ ನೋಡಿದರೆ ನಾಚಿಕೆ, ಆದರೆ ಹೊರಗಿನವರು ನಕ್ಕರೆ ಮೈ ಉರಿಯುತ್ತದೆ. ನೀನಾದರೋ ಅಲ್ಲಿ ಇಂಗ್ಲಿಷರ ನಡುವೆ ಶ್ಯಾಮ್ರಾಕನ್ನು ಯಾರಿಗೂ ಕಾಣದಂತೆ ಕೋಟಿನ ಒಳಮಗ್ಗುಲಿಗೆ ಸಿಕ್ಕಿಸಿಕೊಳ್ಳುತ್ತೀಯ ಎಂದು ಬರೆದಿದ್ದೆ. ಈ ಹಬ್ಬದ ಬಗ್ಗೆ ನನ್ನ ಮನಸ್ಸಿಗೆ ತಟ್ಟಿದ್ದು ಅದೊಂದೇ ಮಾತು.

ನಿನ್ನೆ ಮೆರವಣಿಗೆಗೆ ಎಂದಿನಂತೆ ಮಳೆ ತಪ್ಪಲಿಲ್ಲ. ಶಾಲೆಯ ಬ್ಯಾಂಡು, ಅಗ್ನಿಶಾಮಕದವರ ಲಾರಿ, ಡೆಸ್ಸಿಯ ಟ್ರ್ಯಾಕ್ಟರು. ಇರುವುದೊಂದೇ ಬೀದಿಯಾದ್ದರಿಂದ ಕೊನೆ ಮುಟ್ಟಿ ತಿರುಗಿ ಬಂದರು. ಮೆರವಣಿಗೆಯಲ್ಲಿದ್ದವರೇ ಹೆಚ್ಚು, ನಿಂತು ನೋಡಿದವರು ಕಡಿಮೆ. ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲವೆಂದು ನಾನು ಚಹಾಕ್ಕೆ ಸಕ್ಕರೆ ಬಿಟ್ಟಿದ್ದೆನಲ್ಲ, ಹಬ್ಬದ ದಿನ ಮಾಫಿ ಇದೆಯೆಂದು ಪಾಯಸದ ಹಾಗೆ ಮಾಡಿಕೊಂಡು ಕುಡಿದೆ. ಇವತ್ತು ಮತ್ತೆ ಸಪ್ಪೆ ಚಹಾ, ಈಸ್ಟರ್‌ವರೆಗೂ.

ಇನ್ನು ಅಮ್ಮನ ವಿಷಯ. ಅವಳ ಕಣ್ಣು ಮಂದವಾಗಿದೆ. ಎಷ್ಟು ಮಂದವಾಗಿದೆ ಎಂದು ನನಗೂ ತಿಳಿಯುತ್ತಿರಲಿಲ್ಲ, ಯಾಕೆಂದರೆ ಡಾಕ್ಟರ ಹೆಸರೆತ್ತಿದರೆ ಸಾಕು, "ಶ್ಯಾಮ್ರಾಕ್ ಯಾವ್ದು, ಕಳೆ ಯಾವ್ದು ಅಂತ ನಂಗೆ ಗೊತ್ತಾಗೋವರೆಗೂ ನನ್ ಕಣ್ಣಿನ್ ತಂಟೆಗೆ ಬರ್ಬೇಡ" ಎಂದು ಬಾಯಿ ಮುಚ್ಚಿಸುತ್ತಾಳೆ. ಆ ಮಾತಿಗೆ ಎದುರು ಹೇಳುವುದು ಹೇಗೆ? ಇಡೀ ಊರಿಗೆ ಶ್ಯಾಮ್ರಾಕ್ ಆರಿಸಿಕೊಡುವವಳು ಅವಳೇ. ಇಂಥ ಕಣ್ಣಿನಲ್ಲಿ ಕಾರೂ ಓಡಿಸುತ್ತಿದ್ದಾಳೆ. ಗೇಟಿನ ಕಂಬಕ್ಕೆ ಎರಡು ಸಲ ಉಜ್ಜಿ, ಈ ಕಂಬವನ್ನು ಈಚೆಗೆ ತಂದು ನೆಟ್ಟವರು ಯಾರು ಎಂದು ನನ್ನನ್ನೇ ಕೇಳಿದಳು. ಕಂಬ ಹೋಗಲಿ, ಶಾಲೆ ಬಿಡುವ ಹೊತ್ತಿಗೆ ಆ ತಿರುವಿನಲ್ಲಿ ಮಕ್ಕಳು ಸಾಲಾಗಿ ಬರುತ್ತಿರುತ್ತಾರೆ. ನನಗೆ ಭಯವಾಗುತ್ತದೆ ಕೋಲ್ಮನ್.

ಬುಧವಾರ ಶ್ಯಾಮ್ರಾಕ್ ಕೀಳಲು ಬುಟ್ಟಿ ಹಿಡಿದು ಒಬ್ಬಳೇ ಹೋದಳು. ಹಳೆಯ ಗಿರಣಿ ಗೋಡೆಯ ಬುಡದಲ್ಲಿ, ಬಿಸಿಲು ಬೀಳುವ ಒಣ ನೆಲದಲ್ಲಿ ತಾನೆ ಅದು ಹಬ್ಬುವುದು? ಇವಳು ಮರಗಳ ನೆರಳಿಗೆ ಹೋಗಿದ್ದಾಳೆ. ಬುಟ್ಟಿ ತುಂಬ ತಂದಿದ್ದು ಹುಳಿಸೊಪ್ಪು, ಶಾಲೆಗೆ ಹೋಗುತ್ತಾ ನಾವಿಬ್ಬರೂ ಕಿತ್ತು ಜಗಿಯುತ್ತಿದ್ದೆವಲ್ಲ, ಅದೇ. ಅದಕ್ಕೂ ಮೂರೇ ಎಲೆ, ಹಸಿರೂ ಹೌದು, ಆದರೆ ಈ ಊರಿನ ಎಳೆ ಮಗುವೂ ಅದನ್ನು ಶ್ಯಾಮ್ರಾಕ್ ಎನ್ನುವುದಿಲ್ಲ. ನೋಡಿದ ಕೂಡಲೇ ನನಗೆ ತಿಳಿಯಿತು. ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳು ಕೂತು ಅದನ್ನು ಸಣ್ಣ ಸಣ್ಣ ಕಟ್ಟು ಮಾಡಿ ದಾರ ಸುತ್ತತೊಡಗಿದ್ದಳು. ನಾನು ಕತ್ತರಿ ತಂದುಕೊಟ್ಟೆ.

ನಿನ್ನೆ ಬೆಳಿಗ್ಗೆ ಚರ್ಚಿನ ಬಾಗಿಲಲ್ಲಿ ನಿಂತು ಎಲ್ಲರಿಗೂ ಹಂಚಿದಳು. ಡೆಸ್ಸಿ ಕೈಯಲ್ಲಿದ್ದುದನ್ನು ನೋಡಿದ, ನನ್ನನ್ನು ನೋಡಿದ, ಆಮೇಲೆ ಸುಮ್ಮನೆ ಕೋಟಿಗೆ ಚುಚ್ಚಿಕೊಂಡ. ಮಿಸೆಸ್ ಗ್ಯಾಫ್ನಿ, ಯಾರ ಬಗ್ಗೆಯೂ ಒಳ್ಳೆಯ ಮಾತಾಡದ ಆಯಮ್ಮ, "ಈ ವರ್ಷ ಎಲೆ ಬಲು ಚೆಂದ ಬಂದದೆ ಡೆಲಿಯಾ" ಎಂದು ಅಮ್ಮನಿಗೆ ಹೇಳಿದರು. ಫಾದರ್ ಲ್ಯಾವಿನ್ ಆ ಸೊಪ್ಪಿಗೇ ಪವಿತ್ರ ಜಲ ಚಿಮುಕಿಸಿ ಆಶೀರ್ವದಿಸಿದರು. ಹುಳಿಸೊಪ್ಪು ಕಿತ್ತ ಮೇಲೆ ಎಷ್ಟು ಹೊತ್ತು ತಡೆಯುತ್ತದೆ? ಫಾದರ್ ಅವರ ಪ್ರವಚನ ಮುಗಿಯುವಷ್ಟರಲ್ಲಿ ಊರಿನವರೆಲ್ಲರ ಎದೆಯ ಮೇಲೂ ಎಲೆಗಳು ಮಡಚಿದ ಕೊಡೆಯ ಹಾಗೆ ಜೋತುಬಿದ್ದಿದ್ದವು. ಒಬ್ಬರೂ ತೆಗೆಯಲಿಲ್ಲ. ಮೆರವಣಿಗೆಗೂ ಹಾಗೆಯೇ ಬಂದರು. ಈ ಜನರ ಮೇಲೆ ನನಗೆ ಇಷ್ಟು ಪ್ರೀತಿಯೂ ಇಷ್ಟು ಸಿಟ್ಟೂ ಒಟ್ಟಿಗೆ ಬಂದದ್ದು ಇದೇ ಮೊದಲು.

ಆದ್ದರಿಂದ ಲಕೋಟೆಯಲ್ಲಿರುವ ಹುಳಿಸೊಪ್ಪು ನೋಡಿ ಗಾಬರಿಯಾಗಬೇಡ, ನಗಲೂ ಬೇಡ. ಫೋನ್ ಮಾಡಿದಾಗ ಎಂದಿನಂತೆ ತಲುಪಿತು, ಚೆನ್ನಾಗಿದೆ ಎಂದುಬಿಡು. ಬೇಸಿಗೆಗೆ ಬರುತ್ತೀಯಲ್ಲ, ಆಗ ನಿಧಾನವಾಗಿ ನೀನೇ ಕಾರಿನ ಮಾತೆತ್ತು. ನಿನ್ನ ಮಾತಾದರೆ ಕೇಳುತ್ತಾಳೆ.

ಡೆಸ್ಸಿ ನಿನ್ನನ್ನು ಕೇಳಿದನೆಂದು ಹೇಳು ಅಂದ. ಮಂಜಿನಲ್ಲಿ ಬಸ್ಸು ನಿಧಾನವಾಗಿ ಓಡಿಸು. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ.

ನಿನ್ನ ಅಕ್ಕ,
ಅಟ್ರಾಕ್ಟಾ

ಮತ್ತೆ ಬರೆದದ್ದು: ಲಕೋಟೆಗೆ ಅಂಟು ಹಚ್ಚುವುದರಲ್ಲಿದ್ದೆ, ಅಮ್ಮ ಬಂದು ಏನು ಬರೆದೆ, ಓದು ಎಂದಳು. ಮೊದಲೆಲ್ಲ ತಾನೇ ಕಿತ್ತುಕೊಂಡು ಓದುತ್ತಿದ್ದಳು. ಮಧ್ಯದ್ದನ್ನು ಹಾರಿಸಿ ಮೆರವಣಿಗೆಯಿಂದ ನೇರ ಡೆಸ್ಸಿಯ ನಮಸ್ಕಾರಕ್ಕೆ ಬಂದೆ. "ಬಿಟ್ಟಿದ್ದನ್ನೂ ಓದು" ಅಂದಳು. ಓದಿದೆ. ಆಮೇಲೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಕೀಳುವಾಗ್ಲೇ ಅನುಮಾನ ಇತ್ತು. ಚರ್ಚಲ್ಲಿ ಒಂದೆಲೆ ಬಾಯಿಗ್ ಹಾಕ್ಕೊಂಡೆ, ಹುಳಿ. ಯಾರಾದ್ರೂ ಒಬ್ರು ಹೇಳ್ತಾರೇನೋ ಅಂತ ಸಂಜೆವರೆಗೂ ಕಾದೆ." ಆ ಎಸಳನ್ನು ತೆಗೆಯಲು ಬಿಡಲಿಲ್ಲ, ಅದೇ ಹೋಗಲಿ ಅಂದಳು. ಭಾನುವಾರ ಫೋನ್ ಮಾಡು. ಈ ಸಲ ಮಾತ್ರ ಚೆನ್ನಾಗಿದೆ ಅನ್ನಬೇಡ.