ಬಿಳಿ ಸಂಜೆಮಲ್ಲಿಗೆಯ ಬೀಜ

ಅಪ್ಪಾ,

ನೀವು ತೀರಿಕೊಂಡ ಮೇಲೆ ಅವ್ವ ಕಳಿಸಿದ ಬಿಳಿ ಸಂಜೆಮಲ್ಲಿಗೆಯ ಬೀಜವನ್ನು ಜಮಖಂಡಿಯ ನನ್ನ ಅಂಗಳದಲ್ಲಿ ಹಾಕಿದ್ದೆ. ನಿನ್ನೆ ಮೂರು ಗಿಡಗಳಲ್ಲಿ ಗುಲಾಬಿ ಬಣ್ಣದ ಹೂ ಅರಳಿದವು. ಹುನ್ನೂರಿನ ನಿಮ್ಮ ಹಿತ್ತಲಲ್ಲಿ ಬಿಳಿಯ ಹೊರತು ಬೇರೆ ಬಣ್ಣವನ್ನು ನಾನು ಕಂಡೇ ಇರಲಿಲ್ಲ. ಬೇರೆ ಜಾತಿಯ ಅಮೋಲನನ್ನು ಮದುವೆಯಾಗಿ ಬಂದಾಗ ನೀವು ಅಲ್ಲೇ ನಿಂತು, "ನಮ್ಮ ಬೀಜಾ ಕೆಡಿಸಿದಿ, ನಡಿ" ಎಂದಿದ್ದಿರಿ.

ಅವ್ವನಿಗೆ ಫೋನ್ ಮಾಡಿ ಕೇಳಿದೆ.

"ಪ್ರತಿ ವರ್ಷಾ ಬಣ್ಣದ್ವೂ ಹುಟ್ತಿದ್ವು, ಯವ್ವಾ. ಬಾಜೂ ಮನಿಯಾಗ ಗುಲಾಬಿ ಬಣ್ಣದ ಗಿಡ ಇದ್ವಲ್ಲ. ಮಂದಿ ನೋಡೂದ್ರಾಗ ನಿಮ್ಮಪ್ಪ ಕಿತ್ತ ಒಗೀತಿದ್ರು," ಎಂದಳು.

ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಕೆಟ್ಟವಳು ನಾನೊಬ್ಬಳೇ ಎಂದು ನಂಬಿದ್ದೆ. ಆ ನಾಚಿಕೆಗೇ ನಿಮ್ಮ ಕೊನೆಗಾಲಕ್ಕೂ ನಾನು ಬರಲಿಲ್ಲ.

ಯಶೋಧರಾ